ಪಟ್ಟಾಭಿಷೇಕದ ಮಖಮಲ್ಲು

ಲುವಾಂಗ್ ಪ್ರಬಾಂಗಿನ ಅರಮನೆಯಲ್ಲಿ ಲಾವೋಸಿನ ಮಹಾರಾಜರು ಹದಿನಾರು ವರ್ಷದಿಂದ ರಾಜ್ಯವಾಳುತ್ತಿದ್ದರೂ ಅವರಿಗಿನ್ನೂ ಪಟ್ಟಾಭಿಷೇಕವಾಗಿರಲಿಲ್ಲ. ಯುದ್ಧ ಮುಗಿಯಲಿ, ಒಡೆದುಹೋದ ಲಾವೋಸ್ ಮೊದಲು ಒಂದಾಗಲಿ, ಕಿರೀಟಕ್ಕೇನು ಅವಸರ ಎಂದು ಅವರು ಕಾಯುತ್ತಿದ್ದಾರೆ ಅಂತ ಊರಲ್ಲಿ ಮಾತಿತ್ತು. ಅವರ ಜೊತೆಗೆ ಅರಮನೆಯ ಹಿಂಭಾಗದ ಹೊಲಿಗೆ ಕೋಣೆಯೂ ಕಾಯುತ್ತಿತ್ತು. ಸಿಂಹಾಸನದ ಮೆತ್ತೆಗೆ ಹೊದಿಸುವ ಕೆಂಪು ಮಖಮಲ್ಲನ್ನು ಮರದ ಚೌಕಟ್ಟಿಗೆ ಬಿಗಿದು, ವನ್ನಾಲಿ ಅಜ್ಜಿ ಮತ್ತು ಬುವಾಕೇವ್ ಅದರ ಮೇಲೆ ಜರಿಯ ಕಸೂತಿ ಹಾಕಲು ಕೂತು ಹದಿನಾಲ್ಕು ವರ್ಷವಾಗಿತ್ತು.

ಶಾಂತಿ ಮಾತುಕತೆ ನಡೀತಿದೆ ಎಂದು ರೇಡಿಯೋ ಹೇಳಿದಾಗಲೆಲ್ಲ ಇಬ್ಬರೂ ಊಟ ಬಿಟ್ಟು ಸೂಜಿ ಓಡಿಸುತ್ತಿದ್ದರು. ಮಾತುಕತೆ ಮುರಿಯಿತು ಎಂದಾಗ ಚೌಕಟ್ಟಿನ ಮೇಲೊಂದು ಬಿಳಿ ಬಟ್ಟೆ ಹೊದಿಸಿ, ರಾಜಮನೆತನದ ಮದುವೆ, ಹಬ್ಬಗಳ ಬೇರೆ ಹೊಲಿಗೆಗೆ ಕೂರುತ್ತಿದ್ದರು. ಒಮ್ಮೆ ಇಲಿ ಬಂದು ಒಂದು ಅಂಚನ್ನು ಕಡಿದುಹಾಕಿತ್ತು. ಅಷ್ಟನ್ನು ಬಿಚ್ಚಿ ಮತ್ತೆ ಹಾಕುವುದಕ್ಕೇ ಒಂದು ಮಳೆಗಾಲ ಹಿಡಿಯಿತು.

ಬುವಾಕೇವಳ ಗಂಡ ಖಾಮ್‌ಫೂಯ್ ಅರಮನೆಯ ಕಚೇರಿಯಲ್ಲೇ ಗುಮಾಸ್ತ. ಯಾರು ಯಾವ ಸಮಾರಂಭದಲ್ಲಿ ಎಷ್ಟನೇ ಸಾಲಿನಲ್ಲಿ ಕೂರಬೇಕು ಎಂದು ಬರೆದಿಡುವುದು ಅವನ ಕೆಲಸ. ದಪ್ಪ ಕನ್ನಡಕ, ಸದಾ ಕೈಕೊಡುವ ಹೊಟ್ಟೆ, ಸುಮ್ಮನಿರಲಾರದ ಬಾಯಿ. ಮಧ್ಯಾಹ್ನ ಹೊಲಿಗೆ ಕೋಣೆಯ ಬಾಗಿಲಿಗೆ ಬಂದು ನಿಂತು ಕಾಡುತ್ತಿದ್ದ.

"ನಿಮ್ಮ ಕಸೂತಿಗೂ ಈ ಯುದ್ಧಕ್ಕೂ ಏನೋ ಒಳಒಪ್ಪಂದ ಇದೆ ಕಣೇ. ಅದು ಮುಗಿಯೋತನಕ ಇದು ಮುಗಿಯಲ್ಲ. ಬೇಗ ಹೊಲಿದು ಬಿಸಾಕಿ, ಜನ ಬದುಕ್ಕೊಳ್ಲಿ."

ವನ್ನಾಲಿ ಅಜ್ಜಿ ತಲೆ ಎತ್ತದೆ ಹೇಳುತ್ತಿದ್ದಳು: "ಬುವಾಕೇವ್, ನಿನ್ನ ಗಂಡಂಗೆ ಹೇಳು. ಪಟ್ಟಾಭಿಷೇಕದ ದಿನ ಅವನನ್ನ ಕೊನೇ ಸಾಲಲ್ಲಿ, ಆನೆ ಹಿಂದೆ ಕೂರಿಸ್ತೀನಿ ಅಂತ."

ಅಜ್ಜಿಗೆ ಎಪ್ಪತ್ತೆರಡು ವರ್ಷ. ಮದುವೆಯಾದವಳಲ್ಲ. ಹಿಂದಿನ ಮಹಾರಾಜರ ಕಾಲದಿಂದಲೂ ಅರಮನೆಯ ಹೊಲಿಗೆಯೇ ಅವಳ ಸಂಸಾರ. ಹದಿನೈದನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು ಬಂದ ಬುವಾಕೇವಳಿಗೆ ಸೂಜಿ ಹಿಡಿಯುವುದನ್ನೂ, ತಲೆ ಬಾಚುವುದನ್ನೂ, ದೊಡ್ಡವರೆದುರು ಮೊಣಕಾಲೂರಿ ನಡೆಯುವುದನ್ನೂ ಕಲಿಸಿದವಳು ಅವಳೇ. ಬುವಾಕೇವಳಿಗೆ ಮಕ್ಕಳಾಗಲಿಲ್ಲ. ಗಂಡ ಮತ್ತು ಅಜ್ಜಿ, ಇಬ್ಬರೇ ಅವಳ ಪಾಲಿಗೆ ಇದ್ದ ಜನ.

ಕಮ್ಯುನಿಸ್ಟ್ ಪಡೆಯ ಸೈನಿಕರು ಊರಿಗೆ ಬಂದದ್ದು ಎಪ್ಪತ್ತೈದರ ಆಗಸ್ಟಿನಲ್ಲಿ. ಒಂದು ಗುಂಡೂ ಹಾರಲಿಲ್ಲ. ಹಸಿರು ಟೋಪಿ, ಟೈರಿನ ಚಪ್ಪಲಿ, ಬೆನ್ನಿಗೆ ಅಕ್ಕಿಯ ಚೀಲ ಕಟ್ಟಿಕೊಂಡ ಎಳೆ ಮುಖದವರು ಬೀದಿಯಲ್ಲಿ ಸಾಲಾಗಿ ನಡೆದುಬಂದರು. ಜನ ಹೂವು ಕೊಟ್ಟರು. ಯಾಕೆ ಕೊಟ್ಟೆವೆಂದು ಆಮೇಲೆ ಯಾರೂ ಹೇಳಲಿಲ್ಲ. ಯುದ್ಧ ಮುಗಿದಿದ್ದಂತೂ ನಿಜ. ಮಹಾರಾಜರು ಅರಮನೆಯಲ್ಲೇ ಇದ್ದರು, ಬಾವುಟವೂ ಕಂಬದ ಮೇಲೆಯೇ ಇತ್ತು. ಹದಿನೈದು ದಿನಕ್ಕೆ ಅರಮನೆಯ ನೌಕರರಿಗೆ ಕರೆ ಬಂತು. ಹೊಸ ಸರ್ಕಾರದ ನೀತಿ ತಿಳಿಸಿಕೊಡುವ ಪಾಠಗಳಿವೆ, ಅದಕ್ಕೆ 'ಸಮ್ಮನಾ' ಎನ್ನುತ್ತಾರೆ, ಉತ್ತರದ ಗುಡ್ಡಗಾಡಿನಲ್ಲಿ ಮೂರು ವಾರ, ಎರಡು ಜೊತೆ ಬಟ್ಟೆ ಮತ್ತು ಸೊಳ್ಳೆಪರದೆ ತಂದರೆ ಸಾಕು.

ಬುವಾಕೇವಳ ಚಿಕ್ಕಪ್ಪನ ಮಗ ದೋಣಿ ನಡೆಸುವವನು. ಮೆಕಾಂಗ್ ದಾಟಿಸಿ ಕಾಡುದಾರಿಯಲ್ಲಿ ಥಾಯ್ಲೆಂಡಿನ ಗಡಿಗೆ ಬಿಡುತ್ತೇನೆ, ಇವತ್ತೇ ಹೊರಡಿ ಎಂದ. ಖಾಮ್‌ಫೂಯ್ ಹೆಂಡತಿಯ ಮುಖ ನೋಡಿದ.

"ಏನಂತೀಯೇ?"

"ಮೂರು ವಾರ ತಾನೆ?" ಎಂದಳು ಬುವಾಕೇವ್. "ಓಡಿಹೋದ್ರೆ ತಪ್ಪು ಮಾಡಿದವರ ಹಾಗಾಗುತ್ತೆ. ನೀವೇನು ಬಂದೂಕು ಹಿಡಿದವರಾ? ಕುರ್ಚಿ ಲೆಕ್ಕ ಬರೆದವರು. ಹೋಗಿಬನ್ನಿ. ಮನೆ, ಅಜ್ಜಿ, ಕೆಲಸ ಎಲ್ಲಾ ಬಿಟ್ಟು ಎಲ್ಲಿಗೆ ಅಂತ ಹೋಗೋದು?"

"ಸರಿ ಬಿಡು. ಮೂರು ವಾರ ಪಾಠ ಕೇಳಿದ್ರೆ ನಂಗೂ ಸ್ವಲ್ಪ ಬುದ್ಧಿ ಬರಬಹುದು."

ಶಾಲೆಯ ಮೈದಾನದಲ್ಲಿ ಲಾರಿಗಳು ನಿಂತಿದ್ದವು. ಬುವಾಕೇವ್ ಬಿದಿರಿನ ಡಬ್ಬಿಯಲ್ಲಿ ಅಂಟನ್ನ, ಮೆಣಸಿನಕಾಯಿ ಚಟ್ನಿ, ಒಣಗಿಸಿದ ಎಮ್ಮೆ ಮಾಂಸ, ಹೊಟ್ಟೆನೋವಿನ ಪುಡಿ ಕಟ್ಟಿಕೊಟ್ಟಳು. ವನ್ನಾಲಿ ಅಜ್ಜಿ ಅವನ ಎರಡೂ ಮಣಿಕಟ್ಟಿಗೆ ಬಿಳಿ ನೂಲು ಕಟ್ಟಿ, ಮನುಷ್ಯನಿಗಿರುತ್ತವೆನ್ನುವ ಮೂವತ್ತೆರಡು ಪ್ರಾಣಗಳೂ ಮೈಯಲ್ಲೇ ಇರಲಿ, ಯಾವುದೂ ದಾರಿ ತಪ್ಪದಿರಲಿ ಎಂದು ಹರಸಿದಳು.

"ಜರಿ ದಾರ ಕಟ್ಟಬಾರ್ದಿತ್ತಾ ಅಜ್ಜಿ? ಹೋದ ಕಡೆ ಸ್ವಲ್ಪ ಮರ್ಯಾದೆ ಸಿಗ್ತಿತ್ತು."

"ಬಾಯಿ ಮುಚ್ಕೊಂಡಿರು. ಮರ್ಯಾದೆ ತಾನಾಗಿ ಬರುತ್ತೆ."

ಲಾರಿ ಹತ್ತಿದ ಮೇಲೂ ಅವನು ಏನೋ ಕೂಗಿ ಹೇಳಿದ. ಪಕ್ಕದಲ್ಲಿದ್ದವರು ನಕ್ಕರು. ಎಂಜಿನ್ನಿನ ಸದ್ದಿಗೆ ಬುವಾಕೇವಳಿಗೆ ಅದು ಕೇಳಿಸಲಿಲ್ಲ.

ಮೂರು ವಾರ ಕಳೆಯಿತು. ಮೂರು ತಿಂಗಳೂ ಕಳೆಯಿತು. ಡಿಸೆಂಬರಿನ ಒಂದು ಬೆಳಿಗ್ಗೆ ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದಾಗ ರೇಡಿಯೋದಲ್ಲಿ ಸುದ್ದಿ ಬಂತು. ಮಹಾರಾಜರು ಸಿಂಹಾಸನ ಬಿಟ್ಟುಕೊಟ್ಟಿದ್ದಾರೆ, ಇನ್ನು ಮೇಲೆ ರಾಜರಿಲ್ಲ, ಇದು ಜನರ ಗಣರಾಜ್ಯ. ಸೊಪ್ಪು ಮಾರುವವಳು ಕೈಯಲ್ಲಿದ್ದ ಕಟ್ಟನ್ನು ಹಾಗೇ ಹಿಡಿದುಕೊಂಡಿದ್ದಳು. ಆರುನೂರು ವರ್ಷದ ಅರಸೊತ್ತಿಗೆ ಒಂದು ಸುದ್ದಿಯಷ್ಟು ಹೊತ್ತಿನಲ್ಲಿ ಮುಗಿದು, ಅದರ ಹಿಂದೆಯೇ ಯಾವುದೋ ಕವಾಯತಿನ ಹಾಡು ಶುರುವಾಯಿತು. "ಹಾಗಾದ್ರೆ ನಾಳೆಯಿಂದ ಏನಕ್ಕಾ?" ಎಂದು ಸೊಪ್ಪಿನವಳು ಕೇಳಿದಳು. ಬುವಾಕೇವ್ ಮನೆಗೆ ನಡೆದಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಯೋಚನೆ: ರಾಜರೇ ಇಲ್ಲವೆಂದ ಮೇಲೆ ರಾಜರ ಗುಮಾಸ್ತನನ್ನು ಇಟ್ಟುಕೊಂಡು ಏನು ಮಾಡುತ್ತಾರೆ, ಬಿಟ್ಟುಬಿಡುತ್ತಾರೆ.

ಮರುದಿನ ಹೊಲಿಗೆ ಕೋಣೆಗೆ ಸೀಫಾನ್ ಬಂದ. ಕೇರಿಯ ಉಸ್ತುವಾರಿಗೆ ನೇಮಕವಾದ ಹೊಸ ಅಧಿಕಾರಿ. ಮೂವತ್ತರ ಆಸುಪಾಸಿನ ಸಣಕಲ, ಮೆಲುದನಿಯವನು. ಬಾಗಿಲಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಬಂದ.

"ಸಹಾಯ್ ವನ್ನಾಲಿ, ಸಹಾಯ್ ಬುವಾಕೇವ್, ಹೇಗಿದ್ದೀರಿ?"

ಸಂಗಾತಿ ಎನ್ನುವುದಕ್ಕೆ ಅವರ ಕಡೆಯವರು ಬಳಸುವ ಮಾತು ಅದು. ಅಜ್ಜಿ ಹೆಗಲ ಬಟ್ಟೆಯಲ್ಲಿ ಬಾಯಿ ಒರೆಸಿಕೊಂಡಳು. "ನಿಮ್ಮಜ್ಜಿ ವಯಸ್ಸಿನವಳು ನಾನು. ಅಜ್ಜಿ ಅಂದ್ರೆ ಬಾಯಿ ನೋಯುತ್ತೇನಪ್ಪಾ?"

ಅವನು ನಕ್ಕ, ಆದರೆ ಅಜ್ಜಿ ಎನ್ನಲಿಲ್ಲ. ವಿಷಯ ಹೇಳಿದ. ಹತ್ತು ದಿನದಲ್ಲಿ ಮೈದಾನದಲ್ಲಿ ಉತ್ಸವ. ಅರವತ್ತು ಹೊಸ ಬಾವುಟ ಬೇಕು. ಮೇಲೂ ಕೆಳಗೂ ಕೆಂಪು ಪಟ್ಟಿ, ನಡುವೆ ನೀಲಿ, ನೀಲಿಯಲ್ಲೊಂದು ಬಿಳಿ ಚಂದ್ರ. ಗಡಿ ಮುಚ್ಚಿರುವುದರಿಂದ ಪೇಟೆಯಲ್ಲಿ ಕೆಂಪು ಬಟ್ಟೆ ಇಲ್ಲ.

"ಹಳೇ ಬಾವುಟಗಳ ಒಂದು ಬೀರು ಇದೆಯಲ್ಲ," ಎಂದ. "ಒಳ್ಳೇ ಕೆಂಪು ಬಟ್ಟೆ. ಆನೆಗಳನ್ನ ಬಿಚ್ಚಿಬಿಡಿ."

ರಾಜರ ಬಾವುಟವೆಂದರೆ ಕೆಂಪು ಬಟ್ಟೆಯ ಮೇಲೆ ಬಿಳಿ ಕೊಡೆಯ ಕೆಳಗೆ ನಿಂತ ಮೂರು ತಲೆಯ ಬಿಳಿ ಆನೆ. ಆ ಆನೆಗಳಲ್ಲಿ ಅರ್ಧದಷ್ಟನ್ನು ಅಂಟಿಸಿ ಹೊಲಿದದ್ದು ವನ್ನಾಲಿಯ ಕೈಯೇ.

"ನನ್ನ ಕಣ್ಣು ಕಾಣ್ಸಲ್ಲಪ್ಪಾ," ಎಂದಳು ಅಜ್ಜಿ. ಒಂದು ಗಳಿಗೆ ಮುಂಚೆ ಅವಳು ಒಂದೇ ಏಟಿಗೆ ಸೂಜಿಗೆ ದಾರ ಪೋಣಿಸಿದ್ದನ್ನು ಅವನು ನೋಡಿದ್ದ. ಆದರೂ ಜಗಳ ಮಾಡಲಿಲ್ಲ. ಕಿಟಕಿಯ ಕಡೆ ತಿರುಗಿ, ಯಾರಿಗೋ ಹೇಳುವಂತೆ ಹೇಳಿದ:

"ನಮ್ಮೂರವರು ಒಂಬತ್ತು ವರ್ಷ ಗುಹೇಲಿ ಬದುಕಿದ್ವಿ. ಹಗಲು ಹೊತ್ತು ಒಲೆ ಹಚ್ಚೋ ಹಾಗಿರ್ಲಿಲ್ಲ. ಹೊಗೆ ಕಂಡ್ರೆ ಅಮೆರಿಕದ ವಿಮಾನ ಬಂದು ಬಾಂಬ್ ಹಾಕೋದು. ನಮ್ಮವ್ವ ನೀರಿಗೆ ಅಂತ ಹೋದವಳು ಗುಹೆ ಬಾಯಲ್ಲೇ ಬಿದ್ಲು. ಎರಡು ದಿನ ಹೆಣ ಒಳಗೆ ಎಳ್ಕೊಳ್ಳೋಕೂ ಆಗಲಿಲ್ಲ. ಆಗ ಈ ಆನೆ ಎಲ್ಲಿತ್ತು?"

ಬುವಾಕೇವ್ ಕತ್ತರಿ ತೆಗೆದುಕೊಂಡಳು. ಅವನು ಹೊರಡುವಾಗ ಬಾಗಿಲ ತನಕ ಹಿಂದೆ ಹೋಗಿ, ಗಂಡನ ಹೆಸರು ಹೇಳಿ, ಒಂದು ಮಾತು ಬರೆದು ಕೇಳುತ್ತೀರಾ ಎಂದು ಬೇಡಿಕೊಂಡಳು. ಬರೀತೀನಿ ಎಂದ. ಬರೆದದ್ದೂ ನಿಜವಿರಬೇಕು, ಅವನು ಸುಳ್ಳು ಹೇಳುವ ಮನುಷ್ಯನಲ್ಲ.

ಒಂಬತ್ತು ದಿನ ಅವಳೊಬ್ಬಳೇ ಬಿಚ್ಚಿದಳು, ಹೊಲಿದಳು. ಬೆರಳ ತುದಿಗಳು ಬಾತುಕೊಂಡವು. ಆನೆ ತೆಗೆದ ಜಾಗದಲ್ಲಿ ಬಟ್ಟೆಯ ಬಣ್ಣ ಮಾಸಿರಲಿಲ್ಲ. ಸುತ್ತಲಿನ ಮಾಸಲು ಕೆಂಪಿನ ನಡುವೆ ಗಾಢ ಕೆಂಪಿನ ಸೊಂಡಿಲು, ಕಾಲು, ಮೂರು ತಲೆ ಹಾಗೇ ಉಳಿಯುತ್ತಿದ್ದವು. ಎಷ್ಟು ಅಡ್ಡಡ್ಡ ಕತ್ತರಿಸಿ ಜೋಡಿಸಿದರೂ ಪಟ್ಟಿಯಲ್ಲೆಲ್ಲೋ ಒಂದು ಕಿವಿ, ಒಂದು ಪಾದ. ಅಜ್ಜಿ ಮೂಲೆಯಲ್ಲಿ ಕೈಕಟ್ಟಿ ಕೂತಿದ್ದಳು. ಹತ್ತನೇ ದಿನ ಉತ್ಸವದ ಬಿಸಿಲಿನಲ್ಲಿ ಬಾವುಟಗಳು ಹಾರಿದಾಗ ಬುವಾಕೇವಳಿಗೆ ಆನೆಯ ಚೂರುಗಳೇ ಕಂಡವು. ಬೇರೆಯವರಿಗೆ ಕಂಡವೋ ಇಲ್ಲವೋ, ಯಾರೂ ಬಾಯಿಬಿಡಲಿಲ್ಲ.

ಅದಾದ ವಾರವೇ ಹೊಲಿಗೆ ಕೋಣೆಗೆ ಬೀಗ ಬಿತ್ತು. ರಾಜಕುಟುಂಬ ಹತ್ತಿರದ ಇನ್ನೊಂದು ಮನೆಗೆ ಹೋಯಿತು, ಅರಮನೆಯನ್ನು ವಸ್ತುಸಂಗ್ರಹಾಲಯ ಮಾಡುತ್ತಾರೆ ಎಂದರು. ಬೀಗ ಬೀಳುವ ಹಿಂದಿನ ದಿನ ವನ್ನಾಲಿ ಅಜ್ಜಿ ಮಖಮಲ್ಲನ್ನು ಚೌಕಟ್ಟಿನಿಂದ ಬಿಡಿಸಿ, ಹೊಟ್ಟೆಗೆ ಸುತ್ತಿ, ಮೇಲೆ ತನ್ನ ಉದ್ದ ಲುಂಗಿಯುಟ್ಟು ಹೊರಗೆ ನಡೆದಳು. ಬುವಾಕೇವಳಿಗೆ ಮಾತ್ರ ಹೇಳಿದಳು.

"ಇನ್ನು ಒಂದು ಗೇಣು ಅಂಚು ಬಾಕಿ ಇದೆ ಕಣೇ. ಮುಗಿಸಿಬಿಡ್ತೀನಿ. ಯಾರಿಗೂ ಬೇಡವಾದ್ರೆ ಬೇಡ. ಅರ್ಧ ಬಿಟ್ಟು ಸಾಯೋಕೆ ನಂಗೆ ಆಗಲ್ಲ."

ಏಪ್ರಿಲಿನಲ್ಲಿ ಹೊಸವರ್ಷದ ಹಬ್ಬ ನೀರೆರಚಾಟವಿಲ್ಲದೆಯೇ ಕಳೆಯಿತು. ಆ ದಿನಗಳಲ್ಲೇ ಖಾಮ್‌ಫೂಯನ ಕಾಗದ ಬಂತು. ತಾರೀಖಿಲ್ಲದ ಅರ್ಧ ಹಾಳೆ. ಆರೋಗ್ಯವಾಗಿದ್ದೇನೆ, ಹೊಸ ಪಾಠಗಳನ್ನು ಶ್ರದ್ಧೆಯಿಂದ ಕಲಿಯುತ್ತಿದ್ದೇನೆ, ಒಂದು ಕಂಬಳಿ ಮತ್ತು ಹೊಟ್ಟೆನೋವಿನ ಪುಡಿ ಕಳಿಸು. ಅಷ್ಟೇ. ಬುವಾಕೇವ್ ಅದನ್ನು ಮತ್ತೆ ಮತ್ತೆ ಓದಿದಳು. ಕೈಬರಹ ಅವನದೇ. ಆದರೆ ಕಾಗದದಲ್ಲಿ ಒಂದೂ ತಮಾಷೆ ಇರಲಿಲ್ಲ. ಅದೊಂದೇ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಕಂಬಳಿ, ಪುಡಿ ಎರಡನ್ನೂ ಕಟ್ಟಿ ಸೀಫಾನನ ಕೈಗೆ ಕೊಟ್ಟಳು.

ಸಂಜೆ ಸಂಜೆಗೆ ದೇವಸ್ಥಾನದ ಛತ್ರದಲ್ಲಿ ಕೇರಿಯ ಸಭೆ. ಪ್ರತಿಯೊಬ್ಬರೂ ಎದ್ದು ತಮ್ಮ ತಪ್ಪು ಹೇಳಬೇಕು, ಬೇರೆಯವರ ತಪ್ಪು ಕಂಡಿದ್ದರೆ ಅದನ್ನೂ ಹೇಳಿ ಅವರಿಗೆ ತಿದ್ದಿಕೊಳ್ಳಲು ನೆರವಾಗಬೇಕು. ಜನ ಮೊದಮೊದಲು, ನಾನು ಹೆಂಡ ಕುಡಿದೆ, ನಾನು ಅತ್ತೆಗೆ ಬೈದೆ ಎಂದು ಹೇಳಿ ಕೂರುತ್ತಿದ್ದರು. ಬರಬರುತ್ತಾ ಅಷ್ಟು ಸಾಲದಾಯಿತು. ಜೂನ್ ತಿಂಗಳಲ್ಲಿ, ಸಭೆಗೆ ಮುಂಚೆ, ಸೀಫಾನ್ ಬುವಾಕೇವಳನ್ನು ಮೆಟ್ಟಿಲ ಬಳಿ ನಿಲ್ಲಿಸಿದ.

"ಸಮ್ಮನಾದಿಂದ ವಾಪಸ್ ಕಳಿಸೋರ ಪಟ್ಟಿ ಮಾಡ್ತಿದಾರೆ ಅಂತ ಸುದ್ದಿ. ಮನೇಲಿರೋರು ಹೊಸ ಸಮಾಜಕ್ಕೆ ಎಷ್ಟು ನಿಷ್ಠರು ಅನ್ನೋದನ್ನೂ ನೋಡ್ತಾರಂತೆ. ನಾನು ಮಾತು ಕೊಡ್ತಾ ಇಲ್ಲ, ಸಹಾಯ್. ತಿಳಿಸಿದೆ ಅಷ್ಟೇ."

"ನಾನೇನು ಹೇಳ್ಲಿ? ನಂಗೇನು ಗೊತ್ತು?"

"ಅದು ನಿಮಗೇ ಗೊತ್ತು. ಅರಮನೆಯ ಪಟ್ಟಿಯಲ್ಲಿರೋ ಕೆಲವು ವಸ್ತು ಸಿಕ್ಕಿಲ್ಲ."

ಅವಳು ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಮೂರು ಸಾಲು ಮುಂದೆ ವನ್ನಾಲಿ ಅಜ್ಜಿಯ ಬಿಳಿ ತುರುಬು ಕಾಣುತ್ತಿತ್ತು. ಯಾರೋ ತನ್ನ ಕೋಳಿಯ ವಿಷಯ ಹೇಳುತ್ತಿದ್ದರು. ಬುವಾಕೇವಳಿಗೆ ಗಂಡ ಮನೆಯ ಮೆಟ್ಟಿಲು ಹತ್ತುತ್ತಿರುವಂತೆ ಕಂಡಿತು, ತೆಳ್ಳಗಾಗಿದ್ದ, ಕನ್ನಡಕ ಒಡೆದಿತ್ತು. ತನ್ನ ಸರದಿ ಬಂದಾಗ ಎದ್ದು ನಿಂತಳು.

"ಅರಮನೆಯ ಒಂದು ಸಾಮಾನು ಹೊರಗಿದೆ," ಎಂದಳು. "ಪಟ್ಟಾಭಿಷೇಕದ ಮಖಮಲ್ಲು. ವನ್ನಾಲಿ ಅಜ್ಜಿ ಮನೇಲಿ, ಅಕ್ಕಿ ಬುಟ್ಟಿ ಕೆಳಗೆ."

ಬಿಳಿ ತುರುಬು ಅಲುಗಲಿಲ್ಲ. ಅಜ್ಜಿ ಹಿಂದಿರುಗಿ ನೋಡುತ್ತಾಳೆ, ಬೈಯುತ್ತಾಳೆ ಎಂದು ಬುವಾಕೇವ್ ಕಾದಳು. ಅವಳು ನೋಡಲಿಲ್ಲ.

ಬೆಳಿಗ್ಗೆ ಬಂದು ತೆಗೆದುಕೊಂಡು ಹೋದರು. ಬಾಕಿಯಿದ್ದ ಗೇಣು ಅಂಚೂ ಮುಗಿದಿತ್ತಂತೆ. ಬಟ್ಟೆಯಿಂದ ಯಾರಿಗೂ ಉಪಯೋಗವಿಲ್ಲ, ಜರಿಯಲ್ಲಿರುವ ಲೋಹ ಜನರ ಆಸ್ತಿ ಎಂದು ಛತ್ರದ ಅಂಗಳದಲ್ಲಿ ಕಬ್ಬಿಣದ ಬಾಣಲೆಯೊಳಗಿಟ್ಟು ಸುಟ್ಟರು. ಮಖಮಲ್ಲು ಕೂದಲು ಸುಟ್ಟ ವಾಸನೆ ಹೊಡೆಯಿತು. ಕೊನೆಗೆ ತಳದಲ್ಲಿ ಉಳಿದ ಹೊಳೆಯುವ ಮುದ್ದೆ ಒಂದು ಹಿಡಿಯಷ್ಟಿತ್ತು. ಅಜ್ಜಿಯನ್ನು ಅದರೆದುರು ನಿಲ್ಲಿಸಿದ್ದರು. ಬೆಂಕಿ ಪೂರ್ತಿ ಆರುವ ತನಕ ಅವಳು ನೋಡಿದಳು. ಅದೇ ವಾರ ಅವಳನ್ನು ಖಾನ್ ನದಿಯಾಚೆ, ತಂಗಿಯ ಮಗನ ಹಳ್ಳಿಗೆ ಕಳಿಸಿದರು. ಅಲ್ಲಿ ಸಾಮೂಹಿಕ ಗದ್ದೆಯ ಗುಡಿಸಲಲ್ಲಿ ಕೂತು ಹಕ್ಕಿ ಓಡಿಸುವ ಕೆಲಸ.

ಬುವಾಕೇವಳಿಗೆ ಸಹಕಾರಿ ಹೊಲಿಗೆ ಘಟಕದಲ್ಲಿ ಕೆಲಸ ಸಿಕ್ಕಿತು, ಸೈನಿಕರ ಅಂಗಿಗೆ ಕಾಲರ್ ಕೂರಿಸುವುದು. ಅವಳು ಕಾದಳು. ಮಳೆಗಾಲ ಹೋಯಿತು, ಚಳಿಗಾಲ ಹೋಯಿತು. ಪಟ್ಟಿ ಎಂದು ಯಾವುದೂ ಬರಲಿಲ್ಲ. ಮಾರ್ಚಿನಲ್ಲಿ ಒಂದು ದಿನ ಹೆಲಿಕಾಪ್ಟರ್ ಇಳಿಯಿತು. ಮಹಾರಾಜರನ್ನೂ ಅವರ ಮನೆಯವರನ್ನೂ ಉತ್ತರಕ್ಕೆ ಕರೆದುಕೊಂಡು ಹೋದರು. ಸಮ್ಮನಾಕ್ಕೆ, ಎಂದರು. ಬೀದಿಯಲ್ಲಿ ಎಲ್ಲ ಬಾಗಿಲೂ ಮುಚ್ಚಿದ್ದವು. ಘಟಕದಲ್ಲಿ ಯಂತ್ರಗಳು ಮಾತ್ರ ಓಡುತ್ತಿದ್ದವು. ರಾಜರೇ ಅಲ್ಲಿಗೆ ಹೋದರೆಂದ ಮೇಲೆ ಅಲ್ಲಿಂದ ಬರುವವರು ಯಾರು ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

ಆದರೂ ಒಬ್ಬ ಬಂದ. ಬುನ್‌ಲೋಮ್ ಎಂಬ ಶಾಲಾ ಮೇಷ್ಟ್ರು, ಖಾಮ್‌ಫೂಯನ ಲಾರಿಯಲ್ಲೇ ಹೋದವನು. ಎರಡೂ ಕಾಲು ಬಾತು ಕೆಲಸಕ್ಕೆ ಬಾರದವನಾಗಿದ್ದರಿಂದ ಬಿಟ್ಟಿದ್ದರು. ಬುವಾಕೇವಳ ಮನೆಯ ಚಾಪೆಯ ಮೇಲೆ ಕೂತು, ಇಟ್ಟ ಅನ್ನವನ್ನೆಲ್ಲ ಉಂಡೆ ಮಾಡಿ ಮಾಡಿ ತಿಂದ. ತಿನ್ನುತ್ತಲೇ ಹೇಳಿದ.

"ಕಲ್ಲು ಹೊರೋ ಕೆಲಸ. ಅವನ ಹೊಟ್ಟೆ ನಿಮಗೆ ಗೊತ್ತಲ್ಲ. ಭೇದಿ ಹತ್ಕೊಂಡ್ತು. ಹದಿನೈದು ದಿನಾನೂ ತಡೀಲಿಲ್ಲ. ನಾವು ನಾಲ್ಕು ಜನ ಸೇರಿ ಮಣ್ಣು ಮಾಡಿದ್ವಿ. ಜನವರಿ ಇರ್ಬೇಕು. ಚಳಿ ವಿಪರೀತ ಇತ್ತು."

"ಈ ಜನವರಿನಾ ಮೇಷ್ಟ್ರೇ?"

"ಅಲ್ಲಮ್ಮ. ಮೊದಲನೇದು."

ಅವಳು ಬೆರಳು ಮಡಚಿದಳು. ಅದು ಕಾಗದ ಬರುವುದಕ್ಕೂ ಮುಂಚೆ. ಕಂಬಳಿ ಕಟ್ಟುವುದಕ್ಕೂ ಮುಂಚೆ. ತಾನು ಸಭೆಯಲ್ಲಿ ಎದ್ದು ನಿಲ್ಲುವುದಕ್ಕೆ ಐದು ತಿಂಗಳು ಮುಂಚೆ. ಮೇಷ್ಟ್ರು ಡಬ್ಬಿಯ ತಳ ಕೆರೆಯುತ್ತಿದ್ದ. ಇನ್ನೂ ಇದೆಯಾ ಎಂದು ಕೇಳಲು ನಾಚಿಕೊಂಡಂತಿತ್ತು. ಅವಳು ಎದ್ದು ಇದ್ದದ್ದನ್ನೆಲ್ಲ ತಂದಿಟ್ಟಳು.

ಮರುದಿನ ಬಿದಿರು ಸೇತುವೆ ದಾಟಿ ಹಳ್ಳಿಗೆ ನಡೆದಳು. ವನ್ನಾಲಿ ಅಜ್ಜಿ ಗುಡಿಸಲಿನ ನೆರಳಲ್ಲಿ ಗೋಡೆಯ ಬದಿಗೆ ಮಲಗಿದ್ದಳು. ಮೈಯಲ್ಲಿ ಮೂಳೆಯಷ್ಟೇ ಉಳಿದಿತ್ತು, ಕಾಲುಗಳಲ್ಲಿ ಕೆಸರಿನ ಹುಣ್ಣು. ಬುವಾಕೇವ್ ಅಂಗಳದಿಂದಲೇ ಮೊಣಕಾಲೂರಿ ಹತ್ತಿರ ಹೋದಳು.

"ಅಜ್ಜಿ, ಅವರು ಹೋಗ್ಬಿಟ್ರು. ಹೋಗಿ ಒಂದು ವರ್ಷದ ಮೇಲಾಯ್ತಂತೆ."

ಅಜ್ಜಿಯ ಕಣ್ಣಲ್ಲಿ ನೀರು ಬಂದು ಕಿವಿಯ ಕಡೆ ಇಳಿಯಿತು. "ಅಯ್ಯೋ, ಆ ಬಾಯಿಬಡುಕ," ಎಂದಳು.

"ಅವರನ್ನ ಬಿಡಿಸೋಕೆ ಅಂತ ನಾನು ಆವತ್ತು..."

"ಗೊತ್ತು."

"ಪಟ್ಟಿ ಮಾಡ್ತಿದಾರೆ ಅಂದ್ರು ಅಜ್ಜಿ. ನಂಗೆ ಬೇರೆ ದಾರಿ ಕಾಣಲಿಲ್ಲ."

"ನನ್ನ ಯಾಕೆ ಕೇಳ್ಲಿಲ್ಲ?" ಅಜ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದು ಬಟ್ಟೆ ಕಣೇ ಅದು. ನಿನ್ನ ಗಂಡ ಬರ್ತಾನೆ ಅಂದ್ರೆ ನಾನೇ ಹೊತ್ಕೊಂಡು ಹೋಗಿ ಅವರ ಕೈಗೆ ಕೊಡ್ತಿದ್ದೆ. ಒಂದು ಮಾತು ನನ್ನ ಕೇಳ್ಬಾರ್ದಿತ್ತಾ?"

ಕೇಳಬೇಕೆಂದು ಬುವಾಕೇವಳಿಗೆ ಹೊಳೆದೇ ಇರಲಿಲ್ಲ. ಮೂವತ್ತು ವರ್ಷ ಒಂದೇ ಕೋಣೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕೂತವಳನ್ನು ಬಿಟ್ಟು, ಊರೆಲ್ಲ ಕೇಳುವಂತೆ ಹೇಳಿದ್ದಳು. ಅಜ್ಜಿಯ ಕಾಲು ತೊಳೆದು ಹುಣ್ಣಿಗೆ ಎಲೆ ಅರೆದು ಹಚ್ಚಿದಳು. ಅಜ್ಜಿ ಬೇಡವೆನ್ನಲಿಲ್ಲ. ಬುವಾಕೇವ್ ಸಂಜೆ ಹೊರಟಾಗ ಅಜ್ಜಿಯ ಮುಖ ಗೋಡೆಯ ಕಡೆ ಇತ್ತು. ಮಳೆ ಶುರುವಾಗಿ ಸೇತುವೆ ಕೊಚ್ಚಿಹೋದ ಮೇಲೆ, ಅಜ್ಜಿ ತೀರಿಕೊಂಡಳೆಂದು ದೋಣಿಯವನು ಹೇಳಿಕಳಿಸಿದ. ಆಗಲೇ ಸುಟ್ಟಾಗಿತ್ತು.

ಆ ವರ್ಷ ಸತ್ತವರಿಗೆ ಅನ್ನ ಇಡುವ ಹಬ್ಬಕ್ಕೆ ಬುವಾಕೇವ್ ದೇವಸ್ಥಾನಕ್ಕೆ ಹೋದಳು. ಹಿರಿಯ ಭಿಕ್ಷುಗಳೆಲ್ಲ ಹೋಗಿ, ಉಳಿದವರು ಇಬ್ಬರೇ. ಹೆಸರು ಬರೆದುಕೊಳ್ಳುತ್ತಿದ್ದ ಭಿಕ್ಷು ತಲೆ ಎತ್ತಿದ.

"ಹೆಸರು?"

ಎರಡೂ ಹೆಸರು ಹೇಳಿದಳು.

"ತೀರಿಕೊಂಡ ದಿನ?"

"ಒಬ್ಬರದು ಗೊತ್ತಿಲ್ಲ. ಚಳಿಗಾಲ. ಇನ್ನೊಬ್ಬರದೂ ಸರಿಯಾಗಿ ಗೊತ್ತಿಲ್ಲ."

"ಸಂಬಂಧ?"

"ಒಬ್ಬರು ಗಂಡ," ಎಂದಳು. ಎರಡನೆಯದಕ್ಕೆ ಅವಳ ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. ಹಿಂದೆ ಸಾಲಿನಲ್ಲಿ ಜನ ಕಾಯುತ್ತಿದ್ದರು. ಭಿಕ್ಷು ಸ್ವಲ್ಪ ಹೊತ್ತು ನೋಡಿ, ಆ ಜಾಗವನ್ನು ಖಾಲಿ ಬಿಟ್ಟು ಮುಂದಿನವರನ್ನು ಕರೆದ.